ಸುವರ್ಣಾಳ ಮಧ್ಯಾಹ್ನದ ತಾಸು

ಯರಗಟ್ಟಿಯಲ್ಲಿ ಬಸ್ಸು ನಿಂತಾಗ ಒಬ್ಬ ಹೆಂಗಸು ಸುಲಗಾಯಿಯ ಹೊರೆ ಇಟ್ಟುಕೊಂಡು ಹತ್ತಿದಳು. ಹಸಿ ಕಡಲೆಯ ಗಿಡಗಳನ್ನು ಕಾಯಿ ಸಮೇತ ಕಿತ್ತು ಸಣ್ಣ ಸಣ್ಣ ಸೂಡು ಕಟ್ಟಿದ್ದಳು. ನಾನು ರಾಮದುರ್ಗಕ್ಕೆ ಬೇರೆ ಕೆಲಸದ ಮೇಲೆ ಹೊರಟಿದ್ದೆ. ಒಂದು ಸೂಡು ಕೊಂಡೆ. ಕಾಯಿ ಬಿಡಿಸುತ್ತ ಕುಳಿತಾಗ ಬೆರಳಿಗೆ ಅಂಟಿದ ಹುಳಿಯ ವಾಸನೆ ಮೂಗಿಗೆ ಬಂತು. ಚಳಿಗಾಲದಲ್ಲಿ ಕಡಲೆ ಎಲೆಯ ಮೇಲೆ ಈ ಹುಳಿ ಕೂಡುತ್ತದೆ. ಬೆಳಗಿನ ಇಬ್ಬನಿಯಲ್ಲಿ ಹೊಲದೊಳಗೆ ನಡೆದು ಬಂದರೆ ಕಾಲಿಗೆ, ಬಟ್ಟೆಯ ಅಂಚಿಗೆ ಎಲ್ಲ ಅದೇ. ಸಾಲುಗಳ ನಡುವೆ ಮಂಡಿಯೂರಿ, ಎಲೆಯನ್ನು ಕೀಳದೆ ಗಿಡದ ಮೇಲೇ ನಾಲಿಗೆಯಿಟ್ಟು ಕಣ್ಣು ಮುಚ್ಚುತ್ತಿದ್ದ ಒಬ್ಬ ಹುಡುಗನ ನೆನಪಾಯಿತು. ಅವನ ಹಿಂದೆಯೇ ಅವನ ತಾಯಿಯ ನೆನಪು ಬಂತು. ಚಚಡಿಗೆ ತಿರುಗುವ ದಾರಿ ಆಗಲೇ ಹಿಂದೆ ಉಳಿದಿತ್ತು. ಬೈಲಹೊಂಗಲದಲ್ಲಿ ಹತ್ತುವಾಗಲೇ ಆ ದಾರಿ ಕಾಣದ ಬದಿಯ ಸೀಟಿನಲ್ಲಿ ನಾನು ಕುಳಿತಿದ್ದೆ.

ಆ ವರ್ಷ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬೈಲಹೊಂಗಲದಲ್ಲಿ ಒಂದು ಕೋಣೆ ಹಿಡಿದಿದ್ದೆ. ಸಂಸ್ಥೆಯೊಂದು ಆಟಿಸಂ ಇರುವ ಸಣ್ಣ ಮಕ್ಕಳ ಮನೆಗಳಿಗೆ ಹೋಗುವ ಕೆಲಸ ಕೊಟ್ಟಿತ್ತು. ಮಕ್ಕಳಿಗೆ ಕಲಿಸುವವರು ಬೇರೆ ಇದ್ದರು, ಅವರು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನನ್ನ ಕೆಲಸ ತಂದೆತಾಯಿಯ ಜೊತೆ. ಅವರು ಯಾವಾಗ ಮಲಗುತ್ತಾರೆ, ಯಾವಾಗ ಉಣ್ಣುತ್ತಾರೆ, ಮಗುವನ್ನು ಯಾರು ಎಷ್ಟು ಹೊತ್ತು ನೋಡಿಕೊಳ್ಳುತ್ತಾರೆ ಎಂಬುದನ್ನು ಕೇಳಿ ತಿಳಿದು, ಮನೆಯ ದಿನವನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ಮಾಡುವುದು. ತಾಯಿ ನೆಟ್ಟಗೆ ನಿಂತರೆ ಮಗು ಅವಳನ್ನು ಹಿಡಿದು ನಿಲ್ಲಬಹುದು ಎಂಬುದು ನಮಗೆ ಕಲಿಸಿದ ಪಾಠ. ಕಿತ್ತೂರಿನ ಕಡೆ ಕೆಲವು ಮನೆ, ಸವದತ್ತಿ, ರಾಮದುರ್ಗದ ಕಡೆ ಕೆಲವು. ಅವುಗಳಲ್ಲಿ ಒಂದು ಚಚಡಿಯಲ್ಲಿತ್ತು.

ದಸರೆ ಕಳೆದಿತ್ತು. ಮಳೆ ನಿಂತು, ಎರೆಹೊಲ ಹಸಿ ಆರುವ ಮೊದಲೇ ಹಿಂಗಾರಿಯ ಬಿತ್ತನೆ ಮುಗಿಸುವ ಅವಸರದಲ್ಲಿ ಊರಿತ್ತು. ನಾನು ಒಳಗೆ ಕಾಲಿಟ್ಟಾಗ ಸುವರ್ಣಾ ಅಡಿಗೆಮನೆಯ ಕಂಬಕ್ಕೆ ಒರಗಿ ನಿಂತೇ ಉಣ್ಣುತ್ತಿದ್ದಳು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಹಳೆಯ ಸೀರೆಯ ಒಂದು ತುದಿ. ಸೀರೆಯ ಇನ್ನೊಂದು ತುದಿ ಮಗನ ಸೊಂಟಕ್ಕಿತ್ತು. ಸಮರ್ಥನಿಗೆ ನಾಲ್ಕು ವರ್ಷ. ಮಾತಿಲ್ಲ. ಬಾಗಿಲು ತೆರೆದದ್ದು ಕಂಡರೆ ಓಡುತ್ತಿದ್ದ, ಓಡಿದರೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಊರ ಹೊರಗೆ ತೆರೆದ ಬಾವಿ ಇತ್ತು.

"ಕಟ್ಟಿಲ್ರಿ ಮೇಡಂ," ಎಂದಳು ನಾನು ಕೇಳುವ ಮೊದಲೇ. "ಹಿಡಕೊಂಡೇನಿ, ಅಷ್ಟ."

ರಾತ್ರಿ ಅವನು ಮಲಗುವುದು ಕಡಿಮೆ. ಅವನು ಎದ್ದಿದ್ದಷ್ಟು ಹೊತ್ತು ಅವಳೂ ಎದ್ದಿರಬೇಕು. ದಿನದಲ್ಲಿ ನಿಮಗೆ ಅಂತ ಏನು ಮಾಡಿಕೊಳ್ಳುತ್ತೀರಿ ಎಂದು ನಾನು ಪಾಠದಲ್ಲಿದ್ದ ಪ್ರಶ್ನೆಯನ್ನೇ ಕೇಳಿದೆ.

"ನನಗಂತ?" ಸ್ವಲ್ಪ ಯೋಚಿಸಿದಳು. "ಜಳಕಾ ಮಾಡತೇನ್ರಿ. ಅದೂ ಬಾಗಲಾ ತಕ್ಕೊಂಡ."

ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಒಡೆಯುತ್ತಿದ್ದ ಅತ್ತೆ ನೀಲವ್ವ ಅಲ್ಲಿಂದಲೇ ನಕ್ಕಳು. "ಮೊಮ್ಮಗಗ ಮಾತು ಕಲಸಾಕ ಬಂದಾರ ಅಂತ ನಾ ತಿಳದ್ರ, ಅಕ್ಕೋರು ಸೊಸಿಗೆ ನಿದ್ದಿ ಮಾಡಾಕ ಕಲಸಾಕ ಬಂದಾರ! ಅದನ್ನೇನ ಕಲಸ್ತೀರಿ, ಬಿಟ್ರ ಯಾರಿಗರ ಬರತೈತಿ."

"ಬಿಡಬೇಕಲ್ರಿ," ಎಂದೆ.

ಅವಳು ನನ್ನನ್ನು ನೋಡಿ ಮತ್ತೊಂದು ಶೇಂಗಾ ಒಡೆದಳು. ಅಂದು ಚಹಾ ಬರಲಿಲ್ಲ.

ಕೆಲಸ ಆ ಮಾತಿನಿಂದಲೇ ಸುರುವಾಯಿತು ಎನ್ನಬೇಕು. ಸುವರ್ಣಾಳ ಗಂಡ ಮಹಾಂತೇಶ ಮಿತಭಾಷಿ. ಹೇಳಿದ್ದನ್ನು ತಲೆ ತಗ್ಗಿಸಿ ಕೇಳಿ, ಮಾಡುವುದಿದ್ದರೆ ಮಾಡುತ್ತಿದ್ದ. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಮಗನನ್ನು ಬೈಕಿನ ಮೇಲೆ ಮುಂದೆ ಕೂರಿಸಿಕೊಂಡು ಒಂದು ಸುತ್ತು ಹಾಕಿ ಬರಲು ಒಪ್ಪಿದ. ಸೊಸೆ ಎಲ್ಲರ ನಂತರ ಉಣ್ಣುವ ಮನೆಯಲ್ಲಿ ಅವಳು ಮಗನೊಂದಿಗೆ ಮೊದಲೇ ಕುಳಿತು ಬಿಸಿ ರೊಟ್ಟಿ ಉಣ್ಣಬೇಕೆಂದಾಗ ಮನೆ ಕೆಲವು ದಿನ ಬಿಗಿಯಾಯಿತು. ಸಮರ್ಥ ತಿನ್ನುತ್ತಿದ್ದುದು ಕಟಕಟಿ ರೊಟ್ಟಿ ಮಾತ್ರ, ಅದು ಮುರಿಯುವ ಸದ್ದು ಕೇಳಬೇಕು. ತಾಯಿ ಎದುರಿಗೆ ಕುಳಿತು ಕಟಕ್ ಎಂದು ಮುರಿದರೆ ಅವನೂ ಓಡುವುದು ಬಿಟ್ಟು ಕೂರುತ್ತಾನೆ ಎಂದು ಕಂಡ ಮೇಲೆ ನೀಲವ್ವ ಸುಮ್ಮನಾದಳು.

ಎಲ್ಲಕ್ಕಿಂತ ದೊಡ್ಡದು ಮಧ್ಯಾಹ್ನದ ತಾಸು. ರಾತ್ರಿ ಕಳೆದುಕೊಂಡ ನಿದ್ದೆಯಲ್ಲಿ ಸ್ವಲ್ಪವನ್ನಾದರೂ ಸುವರ್ಣಾ ಆಗ ತುಂಬಿಕೊಳ್ಳಬೇಕು, ಆ ಹೊತ್ತು ಮಗನನ್ನು ಬೇರೆಯವರು ಹಿಡಿಯಬೇಕು. ಹಿಡಿಯುವವರು ನೀಲವ್ವ ಒಬ್ಬಳೇ. ಮೊದಲ ದಿನ ನಾನೂ ಜೊತೆಗೆ ಹೋದೆ. ಸಮರ್ಥ ನಮ್ಮನ್ನು ಊರ ದೇಸಾಯರ ವಾಡೆಯ ಕಡೆಗೆ ಎಳೆದ. ಆ ಹಳೆಯ ಗೋಡೆಯ ಕಲ್ಲುಗಳ ಮೇಲೆ ಅಂಗೈಯಿಟ್ಟು, ಒಂದೊಂದು ಸಂದಿಗೂ ಬೆರಳು ತಾಗಿಸುತ್ತ, ಮೂಲೆಯಿಂದ ಮೂಲೆಗೆ ನಡೆದ. ಅಲ್ಲಿ ಅವನು ಓಡಲಿಲ್ಲ. ಗೋಡೆ ಅವನ ಕೈ ಹಿಡಿದುಕೊಂಡಿತ್ತು.

"ಇವ ಏನ ಹುಡಕಾಕತ್ತಾನಂತೀನಿ," ಎಂದಳು ನೀಲವ್ವ. "ದೇಸಾಯರು ಬಂಗಾರ ಹುಗದಾರೇನ ಇದರಾಗ?"

ಅಂದಿನಿಂದ ಸುಮಾರು ದಿನ ಸುವರ್ಣಾ ಮಧ್ಯಾಹ್ನ ಮಲಗಿದಳು. ಅವಳ ಮುಖ ಬೇರೆಯಾದದ್ದು ನನಗೆ ಕಂಡಿತು. ಒಮ್ಮೆ ನಾನು ಹೋದಾಗ ಜಡೆಗೆ ಹೂ ಮುಡಿದಿದ್ದಳು. ಆಮೇಲೆ ನೀಲವ್ವನ ಮೊಣಕಾಲು ಹಿಡಿಯಿತು. ಗೋಡೆಯ ಉದ್ದಕ್ಕೂ ಹುಡುಗನ ಹಿಂದೆ ನಡೆಯುವುದು ಅವಳಿಂದ ಆಗದು ಎಂದಾಯಿತು. ತಾಸು ನಿಂತಿತು. ಸೀರೆಯ ತುದಿ ಮತ್ತೆ ಸುವರ್ಣಾಳ ಕೈಗೆ ಬಂತು.

ಮನೆಯವರನ್ನೆಲ್ಲ ಕೂರಿಸಿ ಮಾತಾಡಿದೆ. ಮಹಾಂತೇಶ, ನೀಲವ್ವ, ಮದುವೆಯಾಗದ ಮೈದುನ ಈರಣ್ಣ. ಈರಣ್ಣ ಊರಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟಿದ್ದ. ಸುವರ್ಣಾಳಿಗೆ ನಂಬಿಕೆಯ ಒಬ್ಬರು ಬೇಕು, ಹುಡುಗನನ್ನು ತಮ್ಮವನೆಂದು ತಿಳಿದವರು ದಿನಕ್ಕೆ ಒಂದು ತಾಸು ಹಿಡಿದರೂ ಸಾಕು ಎಂದೆ. ಅಣ್ಣ ತಮ್ಮ ಪಾಳಿ ಹಾಕಿಕೊಳ್ಳಬಹುದು, ನೆರೆಯ ಮನೆಯ ಹೆಂಗಸೊಬ್ಬಳಿಗೆ ಅಭ್ಯಾಸ ಮಾಡಿಸಬಹುದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಅದನ್ನೂ ಹೇಳಿದೆ. ನೀಲವ್ವ ಮೊದಲ ಮಾತನ್ನು ಮಾತ್ರ ಹಿಡಿದಳು. ಬಹಳ ಹೊತ್ತು ಯೋಚಿಸಿ ತಲೆದೂಗಿದಳು. ಅಂದು ಚಹಾದ ಜೊತೆಗೆ ಅವಲಕ್ಕಿ ಚೂಡಾವೂ ಬಂತು.

ಮುಂದಿನ ಸಲ ಹೋದಾಗ ಅವಳು ಬಾಗಿಲಲ್ಲೇ ನನ್ನನ್ನು ಹಿಡಿದಳು. ಮುಖದಲ್ಲಿ ಹಬ್ಬದ ಕಳೆ.

"ಬರ್ರಿ ಅಕ್ಕೋರ, ನಿಮ್ಮ ಮಾತು ಹಣ್ಣಾತು. ಸೊಸಿ ತವರಿಗೆ, ಸಾಲಹಳ್ಳಿಗೆ ಹೇಳಿ ಕಳಿಸೇವಿ. ಸುವರ್ಣಾನ ತಂಗಿ ಭಾರತಿನ್ನ ನಮ್ಮ ಈರಣ್ಣಗ ತರೋಣಂತ. ಅವರೂ ಹೂಂ ಅಂದಾರ."

ನಾನು ಹೊಸ್ತಿಲಲ್ಲೇ ನಿಂತು ಅವಳನ್ನು ನೋಡಿದೆ.

"ಹಂಗ್ಯಾಕ ನೋಡತೀರಿ? ನಂಬಿಗಸ್ತರು ಒಬ್ಬರು ಬೇಕಂತ ನೀವ ಹೇಳಿದ್ರಿ. ಹೆತ್ತಾಕಿ ಬಿಟ್ರ ಚಿಗವ್ವ. ಚಿಗವ್ವಗಿಂತ ನಂಬಿಗಿ ಯಾರ್ರಿ? ಹೊರಗಿನಾಕಿ ಸೊಸಿಯಾಗಿ ಬಂದ್ಲಂದ್ರ ಈ ಕೂಸಿನ್ನ ಕಣ್ಣೆತ್ತಿ ನೋಡೂದಿಲ್ಲ. ಅಕ್ಕತಂಗೇರು ಒಂದ ಮನ್ಯಾಗಿದ್ರ ಒಬ್ಬಾಕಿ ಮಲಗಲಿ, ಒಬ್ಬಾಕಿ ಹಿಡೀಲಿ."

ಅವಳು ಕುಹಕದಿಂದ ಹೇಳಿದ ಮಾತಲ್ಲ ಅದು. ಈ ಕಡೆ ಒಂದೇ ಮನೆಗೆ ಅಕ್ಕತಂಗಿಯರನ್ನು ತರುವುದು ಹೊಸದೂ ಅಲ್ಲ. ಅವಳ ಲೆಕ್ಕದಲ್ಲಿ ಮೊಮ್ಮಗನಿಗೆ ಇದಕ್ಕಿಂತ ಗಟ್ಟಿಯಾದ ಏರ್ಪಾಡು ಇರಲಿಲ್ಲ. ನಾನು ಸಂಸ್ಥೆಯಲ್ಲಿ ಹೇಳಿದಾಗ ಅಲ್ಲಿನವರು, ಮದುವೆಯ ವಿಷಯದಲ್ಲಿ ನಾವು ಬಾಯಿ ಹಾಕುವಂತಿಲ್ಲ, ಹತ್ತಿರದ ಬಂಧುವಿನ ಆಸರೆ ಸಿಕ್ಕರೆ ಒಳ್ಳೆಯದೇ ಅಲ್ಲವೇ ಎಂದರು.

ಮುಂದೆ ಒಂದು ದಿನ ಸುವರ್ಣಾ, ಹಿತ್ತಲಲ್ಲಿ ಬಟ್ಟೆ ಒಣಗಹಾಕುವಾಗ, ನನ್ನ ಕಡೆ ನೋಡದೆ ಹೇಳಿದಳು.

"ನನಗ ಮೊದಲ ಖುಷಿ ಆತ್ರಿ. ಅದನ್ನ ಹೇಳಾಕ ನಾಚಿಕಿ ಬರತೈತಿ. ಅತ್ತಿ ಹೇಳಿದ್ದ ತಡ, ನಿದ್ದಿ ಕಂಡಂಗಾತು ಕಣ್ಣ ಮುಂದ. ಆಮ್ಯಾಲ ಭಾರತಿ ನೆನಪಾದ್ಲು."

ಭಾರತಿ ರಾಮದುರ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಮುಂದೆ ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಗಣಿತ ಕಲಿಸಬೇಕೆಂದಿದ್ದಳು.

"ನೀವ ಹೇಳ್ರಿ, ನಾ ಏನ ಮಾಡ್ಲಿ?"

ನಿರ್ಧಾರ ಅವರದೇ ಆಗಿರಬೇಕು ಎಂಬುದು ನಮ್ಮ ನಿಯಮ. ಅದು ಒಳ್ಳೆಯ ನಿಯಮ ಎಂದು ನಾನು ಇವತ್ತಿಗೂ ತಿಳಿದಿದ್ದೇನೆ. ಭಾರತಿಯನ್ನು ಕೇಳಿದ್ದೀರಾ ಎಂದಷ್ಟೇ ಅಂದೆ.

"ಹೆಂಗ ಕೇಳ್ಲಿ? ಕೇಳಿದ್ರ ಆಕಿ ಹೂಂ ಅಂತಾಳ."

ಜೋಳ ಮೊಣಕಾಲೆತ್ತರ ಬೆಳೆದು, ಕಡಲೆ ಹೂ ಕಟ್ಟುವ ಹೊತ್ತಿಗೆ ಭಾರತಿ ಅಕ್ಕನ ಮನೆಗೆ ಬಂದು ಕೆಲವು ದಿನ ನಿಂತಳು. ಚುರುಕಿನ ಹುಡುಗಿ, ಮಾತಿನಲ್ಲಿ ಅಕ್ಕನಿಗಿಂತ ಮುಂದು. "ಇಂವಗ ನಾ ಗಣಿತಾ ಕಲಸತೇನಿ. ಮಾತಿಲ್ಲಾಂದ್ರ ಛಲೋ ಆತು, ಎದರ ಮಾತಾಡೂದಿಲ್ಲ," ಎಂದು ನಗಿಸಿದಳು. ಸಮ್ಮು, ಸಮ್ಮು ಎನ್ನುತ್ತ ಸಮರ್ಥನ ಜೊತೆ ಗೋಡೆಯ ಉದ್ದಕ್ಕೂ ತಾನೂ ಅಂಗೈಯಿಟ್ಟು ನಡೆದಳು. ಅವನು ಅವಳಿಗೆ ಒಗ್ಗಿಕೊಂಡ. ಅವಳ ದುಪಟ್ಟಾದ ಅಂಚನ್ನು ಬೆರಳಲ್ಲಿ ತಿಕ್ಕುತ್ತ ಅವಳ ತೊಡೆಯ ಮೇಲೆ ತಲೆಯಿಟ್ಟ. ನೀಲವ್ವ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು. ಹುಡುಗನೇ ಆರಿಸಿದ ಎಂಬಂತೆ ಆಯಿತು. ಆ ದಿನಗಳಲ್ಲಿ ಸುವರ್ಣಾ ಮಧ್ಯಾಹ್ನ ಗಾಢವಾಗಿ ಮಲಗಿದಳು.

ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಭಾರತಿಯ ನಗು ನಿಂತಿತ್ತು.

"ಮೇಡಂ, ಈರಣ್ಣಗ ನಾ ಸೇರೇನೋ ಇಲ್ಲೋ, ಅದೂ ಗೊತ್ತಿಲ್ಲ. ಮಾತಾಡಿಸಿದ್ರ ನೆಲಾ ನೋಡತಾನ. ನಾ ಒಲ್ಲೆ ಅಂದ್ರ ಈರಣ್ಣನ ಒಲ್ಲೆ ಅಂದಂಗಾಗೂದಿಲ್ರಿ. ಸಮ್ಮುನ್ನ ಒಲ್ಲೆ ಅಂದಂಗ ಆಗತೈತಿ. ಅಕ್ಕ ಏನ ತಿಳಕೊಂತಾಳ?"

"ಅಕ್ಕನ ಜೊತೆ ಮಾತಾಡಿ."

"ಆಕಿ ಮಲಗಿದ್ದನ್ನ ನೋಡೀರಿ? ಬಾಯಿ ತಕ್ಕೊಂಡ, ಸಣ್ಣ ಕೂಸಿನಂಗ. ಹೆಂಗ ಎಬ್ಬಿಸಿ ಕೇಳ್ಲಿ?"

ಬಸ್ಸು ಬಂತು. ಒಂದೇ ಮನೆಯಲ್ಲಿದ್ದ ಅಕ್ಕತಂಗಿ ಇಬ್ಬರೂ, ಇನ್ನೊಬ್ಬಳು ನೊಂದಾಳು ಎಂದು, ಆ ಒಂದು ಮಾತನ್ನು ಬಿಟ್ಟು ಉಳಿದೆಲ್ಲ ಮಾತಾಡಿಕೊಂಡರು.

ಎಳ್ಳಮವಾಸ್ಯೆಗೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗುವುದು, ಅಲ್ಲೇ ಸಕ್ಕರೆ ಹಂಚಿ ಮಾತು ಮುಗಿಸುವುದು ಎಂದು ಹಿರಿಯರು ಗೊತ್ತುಮಾಡಿದರು. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಈ ಕಡೆ ಮಾತು ಹಿಂದೆ ಹೋಗುವುದಿಲ್ಲ. "ನೀವೂ ಬರಬೇಕ್ರಿ, ನಿಮ್ಮ ಮಾತಿಲೆ ಆಗೂ ಕಾರ್ಯ," ಎಂದು ನೀಲವ್ವ ಫೋನು ಮಾಡಿಸಿದಳು. ಹೋಗದಿರುವುದು ಸರಿ ಕಾಣಲಿಲ್ಲ.

ಟ್ರ್ಯಾಕ್ಟರಿನಲ್ಲಿ ಬುಟ್ಟಿಗಟ್ಟಲೆ ಅಡಿಗೆ ಬಂತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿದರು. ಮಹಾಂತೇಶ ಬುಟ್ಟಿ ಹಿಡಿದು ಹುಲ್ಲುಲ್ಲಿಗೋ ಎಂದು ಕೂಗುತ್ತ ಬೆಳೆಯ ಮೇಲೆ ಚರಗ ಚೆಲ್ಲಿದ. ಈರಣ್ಣ ಅವನ ಹಿಂದೆ ನೀರು ಚಿಮುಕಿಸುತ್ತ ನಡೆದ. ಕೂಗಿಗೆ ಕಿವಿ ಮುಚ್ಚಿಕೊಂಡಿದ್ದ ಸಮರ್ಥ, ಅವರು ದೂರ ಹೋದ ಮೇಲೆ ಕಡಲೆ ಸಾಲಿನಲ್ಲಿ ಮಂಡಿಯೂರಿ ಎಲೆಗೆ ನಾಲಿಗೆಯಿಟ್ಟ. ಬಿಸಿಲು ಎಳೆಯದಿತ್ತು, ಗಾಳಿಯಲ್ಲಿ ಕುಸುಬೆ ಹೂವಿನ ವಾಸನೆಯಿತ್ತು. ಸಾಲಹಳ್ಳಿಯ ತಂದೆತಾಯಿ ಹೊಸ ಬಟ್ಟೆ ಉಟ್ಟಿದ್ದರು. ಭಾರತಿ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಮುಖ ಕಾಣುತ್ತಿರಲಿಲ್ಲ.

ಊಟವಾಯಿತು. ನೀಲವ್ವ ಬಟ್ಟೆಯ ಗಂಟು ಬಿಚ್ಚಿ ಹಿತ್ತಾಳೆ ತಾಟಿನಲ್ಲಿ ಸಕ್ಕರೆ ಸುರಿದಳು.

"ಸುವರ್ಣಾ, ಹಿರೇಸೊಸಿ ನೀನ. ನಿನ್ನ ಕೈಯಾಗಿಂದ ಆಗಲಿ. ಮೊದಲ ತಂಗಿಗೆ ಹಾಕ."

ಸುವರ್ಣಾ ತಾಟು ಹಿಡಿದು ತಂಗಿಯ ಮುಂದೆ ನಿಂತಳು. ಭಾರತಿ ಅಂಗೈ ಚಾಚಿದಳು. ಸುವರ್ಣಾ ಅದನ್ನು ನೋಡುತ್ತಲೇ ನಿಂತಳು. ಆಮೇಲೆ ಬಗ್ಗಿ ತಾಟನ್ನು ನೆಲದ ಮೇಲಿಟ್ಟಳು.

"ಒಲ್ಲೆ ಅತ್ತಿ."

"ಏನ ಒಲ್ಲೆ?"

"ನನ್ನ ಮಗನ್ನ ಹಿಡಿಯಾಕಂತ ನನ್ನ ತಂಗಿನ್ನ ತರೂದು ಬ್ಯಾಡ. ಈರಣ್ಣಗ ಆಕಿ ಮನಸಿಗೆ ಬಂದಿದ್ರ ಬ್ಯಾರೆ ಮಾತು." ಮೈದುನನ ಕಡೆ ತಿರುಗಿದಳು. "ಬಂದಾಳೇನಪಾ, ಈರಣ್ಣಾ?"

ಈರಣ್ಣ ತಾಯಿಯ ಮುಖ ನೋಡಿದ. "ವೈನಿ, ನಂದೇನೈತಿ... ಅವ್ವ ಹೇಳಿದ್ಲು, ಅದಕ್ಕ..."

"ಕೇಳಿದ್ರಲ್ಲ," ಎಂದಳು ಸುವರ್ಣಾ.

"ನಾಕ ಮಂದಿ ಮುಂದ ನನ್ನ ಮಾನಾ ಕಳದೆಲ್ಲ!" ನೀಲವ್ವನ ದನಿ ಏರಿತು. "ಯಾರ ಸಲುವಾಗಿ ಮಾಡಿದ್ನೆ ನಾ ಇದನ್ನ? ನನ್ನ ಸಲುವಾಗಿ? ನಾಳಿಂದ ನಿನ್ನ ಮಗನ್ನ ನೀನ ನೋಡ್ಕೋ. ನಿನ್ನ ಜೋಡಿ ನನ್ನ ಮಾತ ಮುಗೀತು."

ಸಾಲಹಳ್ಳಿಯ ತಂದೆ ಟವೆಲ್ಲು ಝಾಡಿಸಿ ಎದ್ದ. "ನಡೀರಿ" ಎಂಬ ಒಂದೇ ಮಾತು. ಭಾರತಿ ಸೆರಗು ಸರಿಸಿ ಅಕ್ಕನನ್ನು ನೋಡಿದಳು. ಖಾಲಿ ಅಂಗೈಯನ್ನು, ಏನೋ ಅಂಟಿದ ಹಾಗೆ, ಸೀರೆಗೆ ಒರಸಿಕೊಂಡು ತಂದೆಯ ಹಿಂದೆ ಹೋದಳು. ಮಹಾಂತೇಶ ಬುಟ್ಟಿಗಳನ್ನು ಟ್ರ್ಯಾಕ್ಟರಿಗೆ ಏರಿಸಿದ. ಈ ಗದ್ದಲದಲ್ಲಿ ಸಮರ್ಥ ಬಂದು ತಾಟಿನ ಮುಂದೆ ಕುಳಿತಿದ್ದ. ಸಕ್ಕರೆಯನ್ನು ಹಿಡಿ ಹಿಡಿಯಾಗಿ ಎತ್ತಿ, ಬೆರಳ ಸಂದಿಯಿಂದ ಬಿಸಿಲಿಗೆ ಉದುರಿಸುತ್ತ ಅದು ಹೊಳೆಯುವುದನ್ನು ನೋಡುತ್ತಿದ್ದ. ಯಾರೂ ಬೇಡ ಎನ್ನಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಮನೆಯಲ್ಲಿ ಒಲೆ ಒಂದೇ ಇದ್ದರೂ ಅತ್ತೆ ಸೊಸೆ ಬೆನ್ನು ತಿರುಗಿಸಿ ಕೆಲಸ ಮಾಡಿದರು. ತವರಿನಿಂದ ಫೋನು ನಿಂತಿತು. ಸುವರ್ಣಾ ಮತ್ತೆ ನಿಂತು ಉಣ್ಣತೊಡಗಿದಳು. ಕಣ್ಣ ಕೆಳಗಿನ ಕಪ್ಪು ನಾನು ಮೊದಲು ಕಂಡದ್ದಕ್ಕಿಂತ ಗಾಢವಾಯಿತು. ನೆರೆಯವಳೊಬ್ಬಳು ಬರಲು ಒಪ್ಪಿದ್ದಳು. ಜಗಳದ ಮನೆಗೆ ಕಾಲಿಡುವುದು ಬೇಡವೆಂದು ಅವಳೂ ಹಿಂದೆ ಸರಿದಳು. ಭಾರತಿ ನನಗೆ ಒಮ್ಮೆ ಫೋನು ಮಾಡಿದಳು. ಸಮ್ಮು ಹೇಗಿದ್ದಾನೆ ಎಂದು ಕೇಳಿದಳು. ಆಮೇಲೆ ಹೇಳಿದಳು:

"ಅಕ್ಕ ಛಲೋ ಮಾಡಿದ್ಲು ಅಂತ ನಮ್ಮ ಕ್ಲಾಸಿನ ಹುಡುಗ್ಯಾರೆಲ್ಲ ಅಂತಾರ್ರಿ. ಖರೇನ ಇರಬೇಕು. ಆದ್ರ ನನ್ನ ಒಂದ ಮಾತ ಕೇಳಲಿಲ್ಲ ಆಕಿ. ನಾ ಕೈ ಚಾಚಿದ್ದೆ ಅಲ್ರಿ?"

ಅಷ್ಟು ಕೇಳಿ ಅವಳು ಫೋನು ಇಟ್ಟಳು.

ಯುಗಾದಿಗೆ ನನ್ನ ಕೆಲಸದ ಅವಧಿ ಮುಗಿಯಿತು. ಅದಕ್ಕೆ ಮೊದಲು, ಕಡಲೆ ರಾಶಿಯೆಲ್ಲ ಮುಗಿದು ಬಿಸಿಲು ಚುರುಗುಟ್ಟುವ ಹೊತ್ತಿನಲ್ಲಿ ಕಡೆಯ ಸಲ ಚಚಡಿಗೆ ಹೋದೆ. ಮಧ್ಯಾಹ್ನ. ನಾನು ಕುಳಿತಿದ್ದಂತೆಯೇ ನೀಲವ್ವ ಒಳಗಿನಿಂದ ಬಂದಳು. ನನಗೆ "ಬಂದ್ರ್ಯಾ?" ಎಂದಳು. ಸೊಸೆಯ ಕಡೆ ನೋಡಲಿಲ್ಲ. ಸೊಸೆಯ ಕೈಯಿಂದ ಸೀರೆಯ ತುದಿಯನ್ನು ಬಿಡಿಸಿಕೊಂಡು, ಹುಡುಗನ ಕೈ ಹಿಡಿದು, ಕುಂಟುತ್ತ ವಾಡೆಯ ಕಡೆ ಹೊರಟಳು.

"ಸುರು ಮಾಡ್ಯಾಳ್ರಿ," ಎಂದಳು ಸುವರ್ಣಾ ತಗ್ಗಿದ ದನಿಯಲ್ಲಿ. "ಮಾತಿಲ್ಲ ಕತಿಯಿಲ್ಲ. ಹೊತ್ತಿಗೆ ಸರಿಯಾಗಿ ಬರತಾಳ, ಕರಕೊಂಡ ಹೋಗತಾಳ. ಮೊಣಕಾಲಿಗೆ ಎಣ್ಣಿ ತಿಕ್ಕತೇನಿ ಅಂದ್ರ ಕಾಲ ಎಳಕೋತಾಳ."

ಮಲಗಿರಿ, ನಾನು ಸುಮ್ಮನೆ ಕೂರುತ್ತೇನೆ ಎಂದೆ. ಚಾಪೆಯ ಮೇಲೆ ಅಡ್ಡಾದಳು. ಕಣ್ಣು ಮುಚ್ಚಲಿಲ್ಲ. ಜಂತೆ ನೋಡುತ್ತ ಹೇಳಿದಳು.

"ನಾ ಮಾಡಿದ್ದು ಸರಿ ಅಂತ ಗೊತ್ತೈತ್ರಿ. ಆದರೂ ದಿನಾ ಈ ಹೊತ್ತಿಗೆ ಒಮ್ಮೆ ಅನಸತೈತಿ, ಆಕಿ ಇರಬೇಕಿತ್ತು ಅಂತ. ಹಂಗ ಅನಸಿದ ಕೂಡ್ಲೆ ನಿದ್ದಿ ಹಾರಿ ಹೋಗತೈತಿ. ಅತ್ತಿ ಅಲ್ಲಿ ಕುಂಟಕೋತ ಅಡ್ಡಾಡತಾಳ, ನಾ ಇಲ್ಲಿ ಎಚ್ಚರ ಬಿದ್ದಿರತೇನಿ. ಎದ್ದ ಹೋಗಿ ಹೇಳಾಕೂ ಬರೂದಿಲ್ಲ."

ನಮಗೆ ಕಲಿಸಿದ ಪಾಠದಲ್ಲಿ ಇದು ಇರಲಿಲ್ಲ. ಹೊರಗೆ ಬಿಸಿಲು ಅಂಗಳದ ಅರ್ಧಕ್ಕೆ ಬಂತು.

ಹೊಸ್ತಿಲಲ್ಲಿ ಹೆಜ್ಜೆಯ ಸದ್ದಾಯಿತು. ನೀಲವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಹಣೆಯ ಮೇಲೆ ಬೆವರು. ಮಾತು ಬಿಟ್ಟ ಮನೆಗಳಲ್ಲಿ ದೊಡ್ಡವರು ಮಕ್ಕಳ ಬಾಯಿಂದ ಮಾತು ಕಳಿಸುವುದುಂಟು. ಈ ಮನೆಯಲ್ಲಿದ್ದ ಮಗು ಒಂದೇ. ನೀಲವ್ವ ಮೊಮ್ಮಗನ ಬೆನ್ನು ತಟ್ಟಿ, ಗೋಡೆಯ ಕಡೆ ನೋಡುತ್ತ ಹೇಳಿದಳು:

"ಹೋಗಪಾ, ನಿಮ್ಮವ್ವಗ ಹೇಳು, ಅಜ್ಜಿಗೆ ಕಾಲ ಹಿಡದಾವು, ತಾಸು ಮುಗೀತು ಅಂತ."

ಸಮರ್ಥ ನೆಟ್ಟಗೆ ನಡೆದು ಬಂದ. ತಾಯಿಯ ಮುಖ ನೋಡಲಿಲ್ಲ. ಅವಳ ಮಣಿಕಟ್ಟು ಹಿಡಿದು ಎಳೆದ. ಅವಳು ಎದ್ದಳು. ಅವನು ಅವಳನ್ನು ಬಾಗಿಲಿನ ಕಡೆಗೆ, ನೀಲವ್ವ ನಿಂತಿದ್ದ ಕಡೆಗೇ ಎಳೆದುಕೊಂಡು ಹೋದ. ರೊಟ್ಟಿಯ ಬುಟ್ಟಿ ನೇತುಹಾಕಿದ್ದದ್ದೂ ಅಲ್ಲೇ. ಅವನು ಯಾವುದಕ್ಕೆ ಎಳೆದ ಎಂದು ನಾನು ಹೇಳಲಾರೆ.

"ಹೇಳಿದ ನೋಡ," ಎಂದಳು ನೀಲವ್ವ, ಯಾರಿಗೂ ಅಲ್ಲದ ಹಾಗೆ.

ಸುವರ್ಣಾ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಕಟಕ್ ಎಂದು ಮುರಿದಳು. ಒಂದು ತುಂಡು ಮಗನ ಕೈಗೆ ಕೊಟ್ಟಳು. ಇನ್ನೊಂದನ್ನು ಅತ್ತೆಯ ಕಡೆ ಚಾಚಿದಳು. ಚಾಚಿದ ಆ ಕೈಯನ್ನು ನೀಲವ್ವ ಬಹಳ ಹೊತ್ತು ನೋಡಿದಳು. ನನ್ನ ಬಸ್ಸಿಗೆ ಹೊತ್ತಾಗಿತ್ತು. ನಾನು ಚಪ್ಪಲಿ ಮೆಟ್ಟಿ ಅಂಗಳ ದಾಟುವವರೆಗೂ ಆ ಕೈ ಹಾಗೆಯೇ ಇತ್ತು.